ಹೊಟ್ಟೆಯೊಳಗೆ ಒಕ್ಕಲಿರುವವರು

ಮಳೆಗಾಲ ಶುರುವಾದ ಮೊದಲ ವಾರಗಳಲ್ಲಿ ಬೀದರ್‌ನ ಔಷಧ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ‘ಹೊಟ್ಟಿ ಕೆಟ್ಟದ್ರಿ, ಒಂದು ಗುಳಿಗಿ ಕೊಡ್ರಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಭಾಲ್ಕಿಯಲ್ಲೂ ಇದೇ ಮಾತು, ಔರಾದ್‌ನಲ್ಲೂ ಇದೇ ಮಾತು. ಎಷ್ಟೋ ಸಲ ವೈದ್ಯರ ಚೀಟಿಯಿಲ್ಲದೆ ಎರಡು ಆ್ಯಂಟಿಬಯೊಟಿಕ್ ಗುಳಿಗೆ ಕೈಗೆ ಬರುತ್ತವೆ. ಮರುದಿನ ಜುಲಾಬು ನಿಂತರೆ ಗುಳಿಗೆಯೇ ನಿಲ್ಲಿಸಿತು ಎಂದು ನಂಬುತ್ತೇವೆ. ಅದು ತಾನಾಗಿಯೇ ನಿಲ್ಲುವಂಥದ್ದಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಒಳಗೆ ಹೋದ ಗುಳಿಗೆ ಕೊಂದವರಲ್ಲಿ ಬಂದು ಸೇರಿಕೊಂಡ ರೋಗಾಣು ಎಷ್ಟು, ಹುಟ್ಟಿದಾಗಿನಿಂದ ನಮ್ಮ ಜೊತೆಗೇ ಒಕ್ಕಲಿದ್ದವರು ಎಷ್ಟು ಎಂದಂತೂ ಕೇಳುವುದೇ ಇಲ್ಲ.

ಆ ಲೆಕ್ಕ ತಿಳಿಯಬೇಕಾದರೆ ಕರುಳಿನ ಒಳಗೋಡೆಯವರೆಗೆ ಹೋಗಬೇಕು. ರೋಗನಿರೋಧಕ ಶಕ್ತಿ ಎಂದರೆ ಬ್ಯಾಕ್ಟೀರಿಯಾ ಕಂಡಲ್ಲಿ ಕೊಲ್ಲುವ ಸೈನ್ಯ ಎಂದು ಶಾಲೆಯಲ್ಲಿ ಓದಿದ್ದೇವೆ. ಕರುಳಿನ ಮಟ್ಟಿಗೆ ಈ ಚಿತ್ರ ಹೊಂದುವುದಿಲ್ಲ. ಅಲ್ಲಿ ನೆಲೆಸಿರುವ ಕಾವಲು ಕೋಶಗಳು ದಿನವಿಡೀ ಮಾಡುವ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳನ್ನು ಅವುಗಳ ಜಾಗದಲ್ಲಿ ಇರಲು ಬಿಟ್ಟು, ಗೋಡೆಗೆ ತಾಗದಂತೆ ನೋಡಿಕೊಳ್ಳುವುದು. ಕೊಲ್ಲುವುದು ಅವಕ್ಕೆ ಬರುತ್ತದೆ. ಆದರೆ ಯಾವಾಗ ಕೊಲ್ಲಬಾರದು ಎಂಬ ವಿವೇಕದ ಮೇಲೆಯೇ ನಮ್ಮ ಆರೋಗ್ಯ ನಿಂತಿದೆ.

ಮೊದಲು ಜಾಗದ ಅಳತೆ. ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಒಳಮೈಯ ಮಡಿಕೆಗಳನ್ನೂ ಬೆರಳಿನಂಥ ಚಾಚುಗಳನ್ನೂ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಲೆಕ್ಕ ಹಾಕಿ, ಇಡೀ ಜೀರ್ಣಾಂಗದ ಒಳಮೈ ಸುಮಾರು 32 ಚದರ ಮೀಟರ್ ಎಂದರು. ಎರಡು ದೊಡ್ಡ ಕೋಣೆಗಳ ನೆಲದಷ್ಟು ಅಂದುಕೊಳ್ಳಿ. ಇಷ್ಟು ದೊಡ್ಡ ಮೈಯನ್ನು ಹೊರಗಿನ ಲೋಕದಿಂದ ಬೇರ್ಪಡಿಸಿರುವುದು ಕೋಶಗಳ ಒಂದೇ ಒಂದು ಪದರ. ಚರ್ಮದಲ್ಲಿರುವಂತೆ ಪದರದ ಮೇಲೆ ಪದರ ಇಲ್ಲಿಲ್ಲ. ಇದ್ದರೆ ಅನ್ನ ನೀರು ರಕ್ತಕ್ಕೆ ಸೇರುತ್ತಲೇ ಇರಲಿಲ್ಲ. ಈ ಒಂಟಿ ಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ.

ಇನ್ನು ಒಕ್ಕಲಿನ ಲೆಕ್ಕ. ದೊಡ್ಡ ಕರುಳಿನೊಳಗಿನ ಒಂದು ಗ್ರಾಂ ಪದಾರ್ಥದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇಡೀ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಅಂದಾಜು ಮಾಡಲಾಯಿತು. ನಮ್ಮ ಸ್ವಂತ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ, 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಈ ವಿಷಯ ನೆನಪಿರಲಿ, ಮುಂದೆ ಟೈಫಾಯಿಡ್‌ ಜಾತಿಯ ರೋಗಾಣುಗಳ ಮಾತು ಬಂದಾಗ ಬೇಕಾಗುತ್ತದೆ.

ಕಂದಕ

ಬೀದರ್ ಕೋಟೆಯ ಒಂದು ಪಾರ್ಶ್ವದಲ್ಲಿ ಬಂಡೆ ಕಡಿದು ತೋಡಿದ ಮೂರು ಸಾಲಿನ ಕಂದಕವಿದೆ. ಕೋಟೆ ನೋಡಲು ಹೋದವರೆಲ್ಲ ಅದರ ಅಂಚಿನಲ್ಲಿ ನಿಂತಿರುತ್ತಾರೆ. ಕರುಳಿನಲ್ಲಿ ಆ ಕಂದಕದ ಕೆಲಸ ಮಾಡುವುದು ಲೋಳೆ. ಗೋಬ್ಲೆಟ್ ಎಂಬ ಕೋಶಗಳು ಮ್ಯೂಸಿನ್ ಎಂಬ ಸಕ್ಕರೆ ತುಂಬಿದ ಪ್ರೋಟೀನನ್ನು ಸುರಿಸುತ್ತವೆ. ಅದು ನೀರು ಹೀರಿ ಉಬ್ಬಿ ಲೋಳೆಯಾಗುತ್ತದೆ. ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರ. ಹೊರಪದರ ಸಡಿಲ, ಅಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಗೋಡೆಗೆ ಅಂಟಿದ ಒಳಪದರ ಗಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದೇ ಹೇಳಬಹುದು. 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ತಂಡ ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟಿತು. ಮ್ಯೂಸಿನ್ ತಯಾರಾಗದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ನೇರವಾಗಿ ಗೋಡೆಗೆ ತಾಗಿ ನಿಂತಿದ್ದವು. ಅಂಥ ಇಲಿಗಳ ಕರುಳಿನಲ್ಲಿ ಉರಿಯೂತ ತಾನಾಗಿಯೇ ಏಳುತ್ತದೆ.

ಕೋಟೆಯ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಕೋಟೆಯ ಕಂದಕ ಶತ್ರುವಿಗೆ ತಡೆ ಮಾತ್ರ. ಕರುಳಿನ ಲೋಳೆ ತಡೆಯೂ ಹೌದು, ಅಲ್ಲಿ ಒಕ್ಕಲಿರುವವರಿಗೆ ಆಹಾರವೂ ಹೌದು. ಅಕ್ಕರ್‌ಮ್ಯಾನ್ಸಿಯಾ ಎಂಬ ಬ್ಯಾಕ್ಟೀರಿಯಾ ಲೋಳೆಯನ್ನೇ ತಿಂದು ಬದುಕುತ್ತದೆ. ಹದವಾಗಿ ತಿಂದರೆ ಗೋಡೆಯ ಕೋಶಗಳು ಹೊಸ ಲೋಳೆ ಸುರಿಸಿ ಸರಿದೂಗಿಸುತ್ತವೆ, ತೊಂದರೆಯಿಲ್ಲ. ಆದರೆ ಬ್ಯಾಕ್ಟೀರಿಯಾಗಳ ಮುಖ್ಯ ಆಹಾರ ನಮ್ಮ ಊಟದಲ್ಲಿರುವ ನಾರು. ಅದು ಮೇಲಿನಿಂದ ಬರುವುದು ನಿಂತರೆ ಅವು ಹಸಿವಿಗೆ ಲೋಳೆಯ ಮೇಲೆ ಬೀಳುತ್ತವೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೊತ್ತ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ ಲೋಳೆ ತೆಳುವಾಯಿತು. ಆಮೇಲೆ ಜುಲಾಬು ತರುವ ಒಂದು ರೋಗಾಣುವನ್ನು ಬಿಟ್ಟಾಗ ಆ ಇಲಿಗಳು ತೀವ್ರವಾಗಿ ಕಾಯಿಲೆ ಬಿದ್ದವು. ನಾರು ತಿಂದ ಇಲಿಗಳು ತಡೆದುಕೊಂಡವು.

ಸಣ್ಣ ಕರುಳಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಲೋಳೆ ತೆಳು ಮತ್ತು ಸಡಿಲ, ಅನ್ನದ ಸಾರವನ್ನು ಒಳಗೆ ಬಿಡಬೇಕಲ್ಲ. ಅದಕ್ಕಾಗಿ ತಳದ ಕುಳಿಗಳಲ್ಲಿ ಕೂತ ಪೇನೆತ್ ಎಂಬ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ಲೋಳೆಯೊಳಗೆ ಬೆರೆಸುತ್ತವೆ. ಅಮೆರಿಕದ ಡಲ್ಲಾಸ್‌ನಲ್ಲಿ ಲೋರಾ ಹೂಪರ್ ಅವರ ತಂಡ 2011ರಲ್ಲಿ ಇಂಥ ಒಂದು ಪ್ರೋಟೀನನ್ನು ಇಲಿಗಳಿಂದ ತೆಗೆದುಹಾಕಿ ನೋಡಿತು. ಅದು ಇದ್ದಾಗ ಬ್ಯಾಕ್ಟೀರಿಯಾಗಳು ಗೋಡೆಯಿಂದ ಸುಮಾರು 50 ಮೈಕ್ರಾನ್ ದೂರ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ದೂರ ಇರುತ್ತಿದ್ದವು. ಇಲ್ಲವಾದಾಗ ಗೋಡೆಗೇ ಬಂದು ಸೇರಿದವು. ನಮ್ಮ ಒಳಗಿನ ಶಾಂತಿ ನಿಂತಿರುವುದು ಇಷ್ಟೇ ಇಷ್ಟು ಅಂತರದ ಮೇಲೆ.

ಅಂತರ ಕಾಯುವವರಲ್ಲಿ ಇನ್ನೊಬ್ಬರು ಐಜಿಎ ಎಂಬ ಪ್ರತಿಕಾಯ. ದೇಹದಲ್ಲಿ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಲ್ಲಿ ಬಹುಪಾಲು ಕರುಳಿನ ಗೋಡೆಯಲ್ಲೇ ಇವೆ. ಅವು ದಿನಕ್ಕೆ ಮೂರರಿಂದ ಐದು ಗ್ರಾಂ ಐಜಿಎಯನ್ನು ಕರುಳಿನೊಳಗೆ ಬಿಡುತ್ತವೆ. ಐಜಿಎ ಸಾಮಾನ್ಯವಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮೈಗೆ ಅಂಟಿಕೊಳ್ಳುತ್ತದೆ. ಒಂದು ಬ್ಯಾಕ್ಟೀರಿಯಾ ಎರಡಾಗಿ ಒಡೆದಾಗ ಮರಿಗಳು ಬೇರ್ಪಡದಂತೆ ಒಂದಕ್ಕೊಂದು ಕಟ್ಟಿಹಾಕುತ್ತದೆ. ಹಾಗೆ ಗಂಟಾದವು ಗೋಡೆಯ ಬಳಿ ಬರಲಾರದೆ ಮಲದ ಜೊತೆ ಹೊರಗೆ ಹೋಗುತ್ತವೆ. ನನಗೆ ಇದಕ್ಕಿಂತ ಅಚ್ಚರಿಯೆನಿಸಿದ್ದು 2018ರಲ್ಲಿ ಗೊತ್ತಾದ ಸಂಗತಿ. ಬ್ಯಾಕ್ಟಿರಾಯ್ಡಿಸ್ ಫ್ರಾಜಿಲಿಸ್ ಎಂಬ ಒಕ್ಕಲು ಬ್ಯಾಕ್ಟೀರಿಯಾ ತನ್ನ ಮೈಗೆ ಅಂಟಿದ ಐಜಿಎಯನ್ನೇ ಬಳಸಿಕೊಂಡು ಲೋಳೆಯಲ್ಲಿ ನೆಲೆಯೂರುತ್ತದೆ. ಅದೇ ಪ್ರತಿಕಾಯ ಒಬ್ಬರನ್ನು ಹೊರಗೆ ಹಾಕುತ್ತದೆ, ಇನ್ನೊಬ್ಬರಿಗೆ ಜಾಗ ಮಾಡಿಕೊಡುತ್ತದೆ.

ಒಳಗೆ ಕೂತು ಹೊರಗಿನವರನ್ನು ಅರಿಯುವುದು

ಇಷ್ಟು ದೂರವಿಟ್ಟ ಮೇಲೆ ಹೊರಗೆ ಯಾರಿದ್ದಾರೆ ಎಂದು ಗೋಡೆಯ ಹಿಂದಿನ ಕೋಶಗಳಿಗೆ ತಿಳಿಯುವುದು ಹೇಗೆ? ಸ್ವಲ್ಪ ಸ್ಯಾಂಪಲ್ ಒಳಗೆ ತರಿಸಿಕೊಳ್ಳಲೇಬೇಕು. ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಉಬ್ಬಿದ ತೇಪೆಗಳಿವೆ. 1677ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಕಾನ್ರಾಡ್ ಪೇಯರ್ ಇವನ್ನು ವಿವರಿಸಿದ್ದರಿಂದ ಪೇಯರ್ ತೇಪೆಗಳೆಂದೇ ಹೆಸರು. ಇವುಗಳ ಮೇಲಿರುವ ಎಮ್ ಕೋಶಗಳ ಮುಂದೆ ಲೋಳೆ ಕಡಿಮೆ. ಅವು ಹೊರಗಿನಿಂದ ಬ್ಯಾಕ್ಟೀರಿಯಾಗಳನ್ನು ಹಿಡಿಹಿಡಿಯಾಗಿ ಎತ್ತಿ ಕೆಳಗೆ ಕಾದಿರುವ ಡೆಂಡ್ರೈಟಿಕ್ ಕೋಶಗಳಿಗೆ ಒಪ್ಪಿಸುತ್ತವೆ. ಡೆಂಡ್ರೈಟಿಕ್ ಕೋಶ ಅದನ್ನು ತುಂಡರಿಸಿ, ತುಣುಕನ್ನು ಮೈಮೇಲೆ ಹೊತ್ತು, ಹತ್ತಿರದ ಹಾಲ್ರಸ ಗ್ರಂಥಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತದೆ. ಇವರನ್ನು ಏನು ಮಾಡಬೇಕು ಎಂಬ ತೀರ್ಮಾನ ಆಗುವುದು ಅಲ್ಲಿ.

ತೀರ್ಮಾನ ತೋರಿಸಿದ ತುಣುಕೊಂದರ ಮೇಲೆ ನಿಂತಿಲ್ಲ. ತೋರಿಸುವಾಗ ಸುತ್ತಲಿನ ವಾತಾವರಣ ಹೇಗಿತ್ತು ಎಂಬುದೂ ಎಣಿಕೆಗೆ ಬರುತ್ತದೆ. ಗೋಡೆ ಹರಿದು ಕೋಶಗಳು ಸಾಯುತ್ತಿದ್ದರೆ ಟಿ ಕೋಶಗಳು ಉರಿಯೂತದ ದಾರಿ ಹಿಡಿಯುತ್ತವೆ. ಎಲ್ಲವೂ ಶಾಂತವಾಗಿದ್ದರೆ ಅವುಗಳಲ್ಲಿ ಒಂದಷ್ಟು ನಿಯಂತ್ರಕ ಟಿ ಕೋಶಗಳಾಗುತ್ತವೆ. ಈ ನಿಯಂತ್ರಕ ಕೋಶಗಳು ಉಳಿದವರನ್ನು ತಡೆದು ಹಿಡಿಯುತ್ತವೆ. ಜಪಾನಿನ ಶಿಮೊನ್ ಸಾಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಈ ಕೋಶಗಳ ಕುರಿತ ಕೆಲಸಕ್ಕಾಗಿ ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯವಿಜ್ಞಾನದ ನೊಬೆಲ್ ಬಂದಿತು.

ಗೋಡೆಯ ಹಿಂದೆಯೇ ಇರುವ ಮ್ಯಾಕ್ರೋಫೇಜ್‌ಗಳದ್ದೂ ಇದೇ ಸ್ವಭಾವ. ದೇಹದ ಬೇರೆಡೆ ಮ್ಯಾಕ್ರೋಫೇಜ್ ಒಂದು ಬ್ಯಾಕ್ಟೀರಿಯಾ ನುಂಗಿದರೆ ನಾಲ್ಕು ಕಡೆ ಸುದ್ದಿ ಕಳಿಸಿ ಜನ ಸೇರಿಸುತ್ತದೆ. ಕರುಳಿನ ಮ್ಯಾಕ್ರೋಫೇಜ್ ಮಾತ್ರ ನುಸುಳಿ ಬಂದದ್ದನ್ನು ನುಂಗಿ ಸದ್ದಿಲ್ಲದೆ ಜೀರ್ಣಿಸಿಕೊಳ್ಳುತ್ತದೆ. ಸುತ್ತಲಿನವರಿಗೆ ಸುಮ್ಮನಿರಿ ಎನ್ನುವ ಐಎಲ್-10 ಎಂಬ ಪ್ರೋಟೀನನ್ನು ಹೊರಬಿಡುತ್ತದೆ. 1993ರಲ್ಲಿ ಐಎಲ್-10 ಇಲ್ಲದ ಇಲಿಗಳನ್ನು ಬೆಳೆಸಿದಾಗ ಅವುಗಳ ಕರುಳು ಹುಣ್ಣಾಯಿತು. ಅಂಥವೇ ಇಲಿಗಳನ್ನು ಬ್ಯಾಕ್ಟೀರಿಯಾ ಇಲ್ಲದ ಪೆಟ್ಟಿಗೆಯಲ್ಲಿ ಬೆಳೆಸಿದಾಗ ಹುಣ್ಣಾಗಲಿಲ್ಲ. ಬೆಂಕಿ ಹತ್ತಲು ಬ್ಯಾಕ್ಟೀರಿಯಾವೂ ಬೇಕು, ಅದನ್ನು ಸಹಿಸುವ ಶಕ್ತಿ ತಪ್ಪಿರಲೂ ಬೇಕು.

ಹಾಗಾದರೆ ಬ್ಯಾಕ್ಟೀರಿಯಾ ಇಲ್ಲದೆ ಬೆಳೆದರೇ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಅಂಥ ಇಲಿಗಳ ಪೇಯರ್ ತೇಪೆಗಳು ಚಿಕ್ಕವು, ಐಜಿಎ ತೀರ ಕಡಿಮೆ, ಪಾಠ ಕಲಿಯದ ಟಿ ಕೋಶಗಳು. ಹೊರಗಿನಿಂದ ಒಂದು ಸಾಮಾನ್ಯ ರೋಗಾಣು ಬಂದರೂ ಅವು ತತ್ತರಿಸುತ್ತವೆ. ಕಾವಲು ಕೋಶಗಳಿಗೆ ಕಲಿಸುವವರು ಈ ಒಕ್ಕಲಿನವರೇ.

ಅಡುಗೆಮನೆಯಿಂದ ಹೋಗುವ ಸಂದೇಶ

ಕಾವಲು ಕೋಶಗಳಿಗೂ ಒಕ್ಕಲಿನವರಿಗೂ ನಡುವಿನ ಮಾತು ನಡೆಯುವುದು ಬಹುಮಟ್ಟಿಗೆ ನಾವು ತಿನ್ನುವ ಊಟದ ಮೂಲಕ. ನಾರನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ. ಅವು ನಾರನ್ನು ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಬೇಕಾದ ಶಕ್ತಿಯ ಬಹುಭಾಗ ಈ ಬ್ಯುಟಿರೇಟ್‌ನಿಂದ ಬರುತ್ತದೆ. ಅದೇ ಬ್ಯುಟಿರೇಟ್ ಗೋಡೆ ದಾಟಿ ಟಿ ಕೋಶಗಳನ್ನು ಮುಟ್ಟಿದಾಗ ಅವು ನಿಯಂತ್ರಕ ಕೋಶಗಳಾಗುವ ಕಡೆ ಒಲಿಯುತ್ತವೆ ಎಂದು 2013ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದವು. ರೊಟ್ಟಿಯ ನಾರು ಬ್ಯಾಕ್ಟೀರಿಯಾದ ಬಾಯಿಗೆ ಹೋಗಿ, ಅಲ್ಲಿಂದ ಆಮ್ಲವಾಗಿ ಬಂದು, ನಮ್ಮ ಕಾವಲಿನವರ ಕೋಪವನ್ನು ತಗ್ಗಿಸುತ್ತದೆ.

ನಮ್ಮ ಕಡೆಯ ಊಟಕ್ಕೆ ಈ ವಿಷಯದಲ್ಲಿ ಕೊರತೆಯಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ತೊಗರಿಬೇಳೆಯಲ್ಲಿ ಸುಮಾರು 9 ಗ್ರಾಂ, ಸಿಪ್ಪೆ ಸಹಿತ ಇಡೀ ತೊಗರಿಯಲ್ಲಿ 22 ಗ್ರಾಂಗೂ ಹೆಚ್ಚು. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು ಎನ್ನುತ್ತಾರೆ ಪೋಷಣತಜ್ಞರು. ಎರಡು ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಹಿಡಿ ಸೊಪ್ಪು ಇರುವ ತಾಟು ಆ ಲೆಕ್ಕವನ್ನು ಸಲೀಸಾಗಿ ಅರ್ಧ ದಾಟಿಸುತ್ತದೆ. ತೊಗರಿ, ಹೆಸರು, ಉದ್ದು ಬೆಳೆಯುವ ಜಿಲ್ಲೆಯಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ಡು, ಮಧ್ಯಾಹ್ನಕ್ಕೆ ಬರೀ ಬಿಳಿ ಅನ್ನ, ಸಂಜೆಗೆ ಬಿಸ್ಕತ್ತು ಎಂಬ ರೂಢಿ ಬೆಳೆಯುತ್ತಿರುವುದು ನನಗೆ ನಿಜವಾಗಿಯೂ ಕಳವಳದ ಸಂಗತಿ. ಮಕ್ಕಳ ಡಬ್ಬಿಯಲ್ಲಿ ಇದು ಎದ್ದು ಕಾಣುತ್ತದೆ.

ಎಳ್ಳಮಾವಾಸ್ಯೆಯ ದಿನ ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಕೂತು ಉಣ್ಣುವ ಭಜ್ಜಿಯನ್ನು ಈ ಕಣ್ಣಿನಿಂದ ನೋಡಬೇಕು. ಆ ಕಾಲಕ್ಕೆ ಸಿಗುವ ಹಸಿ ಕಾಳು, ಸೊಪ್ಪು, ಗಜ್ಜರಿ, ಬದನೆ ಎಲ್ಲವೂ ಒಂದೇ ಪಾತ್ರೆಯಲ್ಲಿ. ಬ್ಯಾಕ್ಟೀರಿಯಾದ ಒಂದೊಂದು ಬಗೆ ಒಂದೊಂದು ತರದ ನಾರನ್ನು ಒಡೆಯುತ್ತದೆ. ತರಕಾರಿ, ಕಾಳು ಹಲವು ಬಗೆಯಾದಷ್ಟೂ ಹಲವು ಬಗೆಯ ಒಕ್ಕಲು ಉಳಿಯುತ್ತದೆ. ಸೊಪ್ಪು ಮತ್ತು ಗಜ್ಜರಿಯಿಂದ ಬರುವ ಎ ಜೀವಸತ್ವಕ್ಕೂ ಇಲ್ಲಿ ಬೇರೆಯದೇ ಕೆಲಸವಿದೆ. ಕರುಳಿನ ಡೆಂಡ್ರೈಟಿಕ್ ಕೋಶಗಳು ಅದನ್ನು ರೆಟಿನಾಯಿಕ್ ಆಮ್ಲವಾಗಿ ಬದಲಿಸಿ ಟಿ ಮತ್ತು ಬಿ ಕೋಶಗಳಿಗೆ ಕೊಡುತ್ತವೆ. ಅದರಿಂದ ಆ ಕೋಶಗಳಿಗೆ ಕರುಳಿಗೆ ಮರಳುವ ವಿಳಾಸ ಸಿಗುತ್ತದೆ. ಎ ಜೀವಸತ್ವ ಕೊರತೆಯಿರುವ ಮಗುವಿನಲ್ಲಿ ತರಬೇತಿ ಪಡೆದ ಕೋಶಗಳು ಸರಿಯಾದ ಜಾಗಕ್ಕೆ ತಲುಪುವುದೇ ಕಷ್ಟ. 9 ತಿಂಗಳಿನಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಕರೆದು ಕುಡಿಸುವ ಎ ಜೀವಸತ್ವದ ದ್ರಾವಣ ಕಣ್ಣಿಗೆ ಮಾತ್ರ ಎಂದು ತಿಳಿದವರು ಬಹಳ. ಅದು ಕರುಳಿಗೂ ಬೇಕು.

ಭಜ್ಜಿಯ ಜೊತೆ ಕುಡಿಯುವ ಅಂಬಲಿಯ ಬಗ್ಗೆ ಒಂದು ಎಚ್ಚರದ ಮಾತು. ಹುಳಿ ಬಂದ ಅಂಬಲಿಯಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳಿರುತ್ತವೆ, ನಿಜ. ಆದರೆ ಹುಳಿಸಿದ ಮೇಲೆ ಕುದಿಸಿದರೆ ಅವು ಸಾಯುತ್ತವೆ. ಕುದಿಸಿ ಆರಿಸಿದ ಮೇಲೆ ಮಜ್ಜಿಗೆ ಬೆರೆಸಿದರೆ ಜೀವಂತವಾಗಿ ಒಳಗೆ ಹೋಗುತ್ತವೆ. ಒಳಗೆ ಹೋದರೂ ಅವು ಅತಿಥಿಗಳು, ಕೆಲ ದಿನಗಳಲ್ಲಿ ಹೊರಟುಹೋಗುತ್ತವೆ. ಅವಕ್ಕೆ ಬೆಲೆಯಿಲ್ಲ ಎಂದಲ್ಲ. ದಿನವೂ ಹಾದುಹೋಗುವ ಅತಿಥಿಯೂ ಕಾವಲಿನವರಿಗೆ ಪರಿಚಯದವನೇ. ಆದರೆ ಅಂಬಲಿ ಕುಡಿದರೆ ಕರುಳಿನ ಒಕ್ಕಲು ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಕ್ಕಲನ್ನು ಉಳಿಸುವುದು ಅಂಬಲಿಯ ಹುಳಿಗಿಂತ ಅದರಲ್ಲಿರುವ ಜೋಳ.

ಮೊದಲ ಹಾಲು

ದೇವಣಿ ಹಸು ಕಟ್ಟಿದ ಮನೆಗಳಿಗೆ ಗಿಣ್ಣದ ಹಾಲಿನ ಬೆಲೆ ಗೊತ್ತಿದೆ. ಕರು ಹುಟ್ಟಿದ ಕೂಡಲೇ ಅದಕ್ಕೆ ಮೊದಲ ಹಾಲು ಕುಡಿಸಬೇಕು ಎಂದು ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರೂ ಹೇಳುತ್ತಾರೆ, ಅಕ್ಷರ ಬಾರದ ಅಜ್ಜಿಯೂ ಹೇಳುತ್ತಾಳೆ. ಕಾರಣವಿದೆ. ಹಸುವಿನ ಗರ್ಭಕೋಶದಿಂದ ಕರುವಿಗೆ ಪ್ರತಿಕಾಯ ದಾಟುವುದಿಲ್ಲ. ಹುಟ್ಟಿದ ಮೊದಲ ಒಂದು ದಿನದಲ್ಲಿ ಮಾತ್ರ ಕರುವಿನ ಕರುಳು ಗಿಣ್ಣದ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತದೆ.

ಮನುಷ್ಯರ ಮಗುವಿಗೆ ರಕ್ತದ ಪ್ರತಿಕಾಯ ಹೊಕ್ಕುಳಬಳ್ಳಿಯಿಂದಲೇ ಬಂದಿರುತ್ತದೆ. ತಾಯಿಯ ಮೊದಲ ಹಾಲು ಕೊಡುವುದು ಕರುಳಿನ ಮೇಲ್ಮೈಗೆ ಬೇಕಾದ ಐಜಿಎ. ಮೊದಲ ವಾರಗಳಲ್ಲಿ ಮಗು ಅದನ್ನು ತಾನೇ ತಯಾರಿಸಲಾರದು. ಈ ಐಜಿಎ ಎಲ್ಲಿಂದ ಬರುತ್ತದೆ ಎಂಬುದು ಕೇಳುವಂಥ ಕಥೆ. ತಾಯಿಯ ಕರುಳಿನ ಪೇಯರ್ ತೇಪೆಗಳಲ್ಲಿ ತರಬೇತಾದ ಬಿ ಕೋಶಗಳು ರಕ್ತದಲ್ಲಿ ಸಾಗಿ ಎದೆಗೆ ಹೋಗಿ ನೆಲೆಸುತ್ತವೆ. ಆ ತಾಯಿ ಕುಡಿದ ನೀರಿನಲ್ಲಿ, ಉಂಡ ಊಟದಲ್ಲಿ, ಆ ಮನೆಯ ಅಂಗಳದಲ್ಲಿ ಇದ್ದ ಬ್ಯಾಕ್ಟೀರಿಯಾಗಳಿಗೇ ತಕ್ಕ ಪ್ರತಿಕಾಯ ಮಗುವಿಗೆ ಸಿಗುತ್ತದೆ. ಔರಾದ್‌ನ ಹಳ್ಳಿಯ ತಾಯಿಯ ಹಾಲು ಔರಾದ್‌ನ ಹಳ್ಳಿಯ ಮಗುವಿಗೆಂದೇ ತಯಾರಾಗುತ್ತದೆ. ಯಾವ ಡಬ್ಬಿಯ ಪುಡಿಗೂ ಇದು ಸಾಧ್ಯವಿಲ್ಲ.

ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಅತಿ ಹೆಚ್ಚಿರುವುದು ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆಗಳು. ಅವು ಬಿಫಿಡೊಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾದ ಊಟ. ಅದು ಬೆಳೆದು ಕರುಳನ್ನು ಹುಳಿಯಾಗಿಡುತ್ತದೆ, ಬೇರೆಯವರು ನೆಲೆಯೂರದಂತೆ ಮಾಡುತ್ತದೆ, ಕಾವಲು ಕೋಶಗಳ ಉರಿಯನ್ನು ತಗ್ಗಿಸುವ ಪದಾರ್ಥಗಳನ್ನು ಬಿಡುತ್ತದೆ. ಅದಕ್ಕೇ ಮೊದಲ ಹಾಲು ಹಿಂಡಿ ಚೆಲ್ಲುವುದು, ಕೂಸಿನ ನಾಲಿಗೆಗೆ ಜೇನು, ಸಕ್ಕರೆ ನೀರು ಹಚ್ಚುವುದು ಬೇಡವೇ ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಇದನ್ನು ಹೇಳುವಾಗ ಹಿರಿಯರ ಮನಸ್ಸು ನೋಯಿಸಬೇಕಾಗಿಲ್ಲ. ಕರುವಿಗೆ ಗಿಣ್ಣ ಕುಡಿಸುವ ಅದೇ ಅತ್ತೆಗೆ ಕರುವಿನ ಮಾತಿನಿಂದಲೇ ಶುರುಮಾಡಿ ಹೇಳಿದರೆ ಅರ್ಥವಾಗುತ್ತದೆ.

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ನೆನಪಾಗಬೇಕು. ಎದೆಹಾಲು ಕುಡಿಯುತ್ತಿದ್ದ ಕೂಸುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದಕ್ಕೆ ಬೇಕಾದ ಸಕ್ಕರೆಯ ಜೊತೆ ಏಳು ದಿನ ಕೊಟ್ಟಾಗ, ನಂಜು ಮತ್ತು ಸಾವು ಸೇರಿ ಶೇ 40ರಷ್ಟು ಕಡಿಮೆಯಾದವು. ಒಂದು ತಳಿ, ಒಂದು ಪ್ರಮಾಣ, ಒಂದು ವಯಸ್ಸಿನ ಮಾತಿದು. ಅಂಗಡಿಯಲ್ಲಿ ಪ್ರೋಬಯೋಟಿಕ್ ಎಂದು ಬರೆದ ಪ್ರತಿ ಪೊಟ್ಟಣಕ್ಕೂ ಇದು ಅನ್ವಯಿಸುವುದಿಲ್ಲ.

ಗುಳಿಗೆ ಕೊಲ್ಲುವುದು ಯಾರನ್ನು

ಈಗ ಟೈಫಾಯಿಡ್‌ ಜಾತಿಗೆ ಬರೋಣ. ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಸ್ಯಾಂಪಲ್ ಎತ್ತುವ ಎಮ್ ಕೋಶಗಳ ಬಾಗಿಲಿನಿಂದಲೇ ಒಳನುಗ್ಗುತ್ತವೆ. ಆಹಾರದ ವಿಷಬಾಧೆ ತರುವ ಸಾಲ್ಮೊನೆಲ್ಲಾ ಬೇಕೆಂತಲೇ ಉರಿಯೂತ ಎಬ್ಬಿಸುತ್ತದೆ. ಉರಿಯೂತದಲ್ಲಿ ಹುಟ್ಟುವ ಒಂದು ಗಂಧಕದ ಸಂಯುಕ್ತವನ್ನು ಅದು ಉಸಿರಾಟಕ್ಕೆ ಬಳಸಬಲ್ಲದು, ಒಕ್ಕಲಿನವರಲ್ಲಿ ಹೆಚ್ಚಿನವರಿಗೆ ಅದು ಆಗದು. ನಮ್ಮ ಕೋಪವೇ ಅದಕ್ಕೆ ಉಸಿರು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಉಪಾಯ ಇದಕ್ಕೆ ತಿರುಗಾಮುರುಗಾ. ಅದು ವಿಐ ಎಂಬ ಸಕ್ಕರೆಯ ಹೊದಿಕೆ ಹೊದ್ದು, ಕಾವಲಿನವರ ಕಣ್ಣಿಗೆ ಬೀಳದೆ, ಸದ್ದಿಲ್ಲದೆ ರಕ್ತ ಸೇರುತ್ತದೆ. ಅದೇ ಹೊದಿಕೆಯ ಸಕ್ಕರೆಯನ್ನು ಧನುರ್ವಾಯುವಿನ ಪ್ರೋಟೀನಿಗೆ ಜೋಡಿಸಿ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಟೈಫಾಯಿಡ್ ಲಸಿಕೆಯನ್ನು 6 ತಿಂಗಳ ಮಗುವಿನಿಂದಲೇ ಕೊಡಬಹುದು.

ಒಕ್ಕಲು ಗಟ್ಟಿಯಾಗಿದ್ದಾಗ ಇಂಥವರಿಗೆ ನೆಲೆ ಸಿಗುವುದು ಸುಲಭವಲ್ಲ. ಬ್ಯುಟಿರೇಟ್ ಉಂಡ ಗೋಡೆಯ ಕೋಶಗಳು ತಮ್ಮ ಸುತ್ತಲಿನ ಆಮ್ಲಜನಕವನ್ನೆಲ್ಲ ಸುಟ್ಟುಬಿಡುತ್ತವೆ. ಕರುಳಿನೊಳಗೆ ಆಮ್ಲಜನಕ ಸೋರುವುದಿಲ್ಲ. ಬೇಡದ ಆ್ಯಂಟಿಬಯೊಟಿಕ್ ಬ್ಯುಟಿರೇಟ್ ತಯಾರಿಸುವವರನ್ನು ಕೊಂದಾಗ ಗೋಡೆಯ ಕೋಶಗಳು ಬೇರೆ ಇಂಧನಕ್ಕೆ ತಿರುಗುತ್ತವೆ, ಆಮ್ಲಜನಕ ಉಳಿದು ಒಳಗೆ ಸೋರುತ್ತದೆ. ಸಾಲ್ಮೊನೆಲ್ಲಾಗೆ ಅದೇ ಬೇಕಿತ್ತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆ್ಯಂಡ್ರಿಯಾಸ್ ಬಾಯ್ಮ್‌ಲರ್ ಅವರ ತಂಡ 2016ರಲ್ಲಿ ಇಲಿಗಳಲ್ಲಿ ಇದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿತು. ಹೊಟ್ಟೆ ಕೆಟ್ಟಾಗ ಸುಮ್ಮನೆ ನುಂಗಿದ ಗುಳಿಗೆ ಮುಂದಿನ ಸಲದ ಕಾಯಿಲೆಗೆ ಬಾಗಿಲು ತೆರೆದಿಡುತ್ತದೆ ಎಂಬುದರ ಅರ್ಥ ಇದು.

ಹಾಗಾದರೆ ಮಾಡಬೇಕಾದ್ದೇನು? ನೀರಿನಂಥ ಜುಲಾಬಿಗೆ ಮೊದಲ ಔಷಧ ಓಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿದ್ದು. ಮಕ್ಕಳಿಗೆ ಜೊತೆಗೆ ಸತುವಿನ ಗುಳಿಗೆ 14 ದಿನ, ಆರು ತಿಂಗಳಾದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10. ಜುಲಾಬು ನಿಂತರೂ ಸತು ನಿಲ್ಲಿಸಬಾರದು, ಅದು ಕರುಳಿನ ಗೋಡೆ ಮತ್ತೆ ಕಟ್ಟಿಕೊಳ್ಳಲು. ಎದೆಹಾಲು, ಊಟ ನಿಲ್ಲಿಸಬಾರದು. ಮಲದಲ್ಲಿ ರಕ್ತ, ಬಿಡದ ಜ್ವರ, ಕಣ್ಣು ಗುಳಿಬೀಳುವುದು, ಮಗು ಮಂಕಾಗುವುದು, ಮೂತ್ರ ನಿಲ್ಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ. ಟೈಫಾಯಿಡ್‌ಗೆ, ರಕ್ತಭೇದಿಗೆ ಆ್ಯಂಟಿಬಯೊಟಿಕ್ ಬೇಕೇಬೇಕು, ವೈದ್ಯರು ಹೇಳಿದಷ್ಟು ದಿನ ಪೂರ್ತಿ ಬೇಕು. ಅದು ಒಕ್ಕಲಿನವರ ಮೇಲೆ ಕರುಣೆ ತೋರುವ ಹೊತ್ತಲ್ಲ. ಜ್ವರ ಬಂದ ಕೂಡಲೇ ವಿಡಾಲ್ ಪರೀಕ್ಷೆ ಮಾಡಿಸಿ ಟೈಫಾಯಿಡ್ ಎಂದು ತೀರ್ಮಾನಿಸುವುದು ನಮ್ಮ ಕಡೆ ತುಂಬ ನಡೆಯುತ್ತದೆ. ವಿಡಾಲ್ ಅಳೆಯುವುದು ಪ್ರತಿಕಾಯವನ್ನು, ಅದು ಹಳೆಯ ಸೋಂಕಿನದೂ ಇರಬಹುದು. ರಕ್ತದ ಕಲ್ಚರ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ.

ತಿಂಗಳುಗಟ್ಟಲೆ ಹೊಟ್ಟೆನೋವು, ತೂಕ ಇಳಿಯುವುದು, ರಕ್ತ ಬೀಳುವುದು ಬೇರೆ ಕಥೆ. ಕಾವಲಿನವರು ಒಕ್ಕಲಿನವರನ್ನು ಸಹಿಸುವುದನ್ನೇ ಬಿಟ್ಟಾಗ ಬರುವ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಗಳು ಈಗ ನಮ್ಮ ದೇಶದಲ್ಲೂ ಹೆಚ್ಚುತ್ತಿವೆ. ಕ್ರೋನ್ಸ್ ಮತ್ತು ಕರುಳಿನ ಕ್ಷಯ ನೋಡಲು ಒಂದೇ ತರ ಕಾಣುತ್ತವೆ. ಒಂದಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ, ಇನ್ನೊಂದಕ್ಕೆ ಅದೇ ಔಷಧ ಅಪಾಯ. ದುರ್ಬೀನು ಹಾಕಿ ನೋಡಿ, ತುಣುಕು ತೆಗೆದು ಪರೀಕ್ಷಿಸುವವರೆಗೆ ಅವಸರ ಮಾಡಬಾರದು.

ನೀರು, ಗೋಡೆ, ಲಸಿಕೆ

ಬೇಸಿಗೆಯಲ್ಲಿ ಟ್ಯಾಂಕರ್ ನೀರು ನೆಚ್ಚಬೇಕಾದ ಹಳ್ಳಿಗಳಲ್ಲಿ, ಪೈಪಿನ ಪಕ್ಕದಲ್ಲೇ ಚರಂಡಿ ಹರಿಯುವ ಓಣಿಗಳಲ್ಲಿ ಬೆಳೆಯುವ ಮಗುವಿಗೆ ಜುಲಾಬು ಆಗದೆಯೂ ನಷ್ಟವಾಗುತ್ತಿರಬಹುದು. ಮಲದ ಬ್ಯಾಕ್ಟೀರಿಯಾ ದಿನವೂ ಸ್ವಲ್ಪಸ್ವಲ್ಪ ಒಳಗೆ ಹೋಗುತ್ತಿದ್ದರೆ ಕರುಳಿನ ಗೋಡೆಯಲ್ಲಿ ಸಣ್ಣ ಉರಿಯೂತ ಆರದೆ ಉಳಿಯುತ್ತದೆ. ಬೆರಳಿನಂಥ ಚಾಚುಗಳು ಮೊಂಡಾಗುತ್ತವೆ, ಗೋಡೆ ಸೋರುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ಮಗು ಎತ್ತರ ಬೆಳೆಯುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ದಶಕಗಳಿಂದ ಇದನ್ನು ಅಭ್ಯಾಸ ಮಾಡುತ್ತಿದ್ದಾರೆ. ಇಂಥ ಮಗುವಿಗೆ ಎಷ್ಟು ತಿನ್ನಿಸಿದರೂ ಮೈಗೂಡುವುದಿಲ್ಲ ಎಂದು ತಾಯಿಯನ್ನು ದೂರುವುದು ಅನ್ಯಾಯ. ನೀರು ಕಾಯಿಸಿ ಕೊಡುವುದು, ಶೌಚದ ನಂತರ ಮತ್ತು ಉಣ್ಣಿಸುವ ಮೊದಲು ಸೋಪಿನಿಂದ ಕೈ ತೊಳೆಯುವುದು ಮನೆಯವರ ಕೈಯಲ್ಲಿದೆ. ಪೈಪನ್ನೂ ಚರಂಡಿಯನ್ನೂ ಬೇರೆ ಮಾಡುವುದು ಪಂಚಾಯಿತಿಯ, ನಗರಸಭೆಯ ಕೆಲಸ, ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಬಾಯಿಂದ ಹಾಕುವ ಲಸಿಕೆಗಳು ನಮ್ಮ ದೇಶದಲ್ಲಿ ಕಡಿಮೆ ಕೆಲಸ ಮಾಡಲು ಒಂದು ಕಾರಣ ಇದೇ ಉರಿಯೂತದ ಗೋಡೆ ಇರಬಹುದು ಎನ್ನುತ್ತಾರೆ. ಬಾಯಿಯ ಪೋಲಿಯೊ ಹನಿ ಮೂರು ಸಲ ಹಾಕಿದರೂ ಇಲ್ಲಿ ಎಷ್ಟೋ ಮಕ್ಕಳಲ್ಲಿ ಪ್ರತಿಕಾಯ ಹುಟ್ಟುತ್ತಿಲ್ಲ ಎಂದು 1970ರ ದಶಕದಲ್ಲೇ ವೆಲ್ಲೂರಿನ ಟಿ. ಜೇಕಬ್ ಜಾನ್ ತೋರಿಸಿದ್ದರು. ಅದಕ್ಕೇ ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಹನಿ ಹಾಕಬೇಕಾಯಿತು, ಹಾಕಿದ್ದರಿಂದಲೇ 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ಕಾಣಲಿಲ್ಲ. ಭಾರತದಲ್ಲೇ ತಯಾರಾದ ರೋಟಾವೈರಸ್ ಲಸಿಕೆ 2014ರ ಪ್ರಯೋಗದಲ್ಲಿ ಮೊದಲ ವರ್ಷ ರೋಟಾವೈರಸ್‌ನಿಂದ ಬರುವ ತೀವ್ರ ಜುಲಾಬನ್ನು ಶೇ 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಇಂಥ ಲಸಿಕೆಗಳು ಶೇ 85ಕ್ಕೂ ಹೆಚ್ಚು ತಡೆಯುತ್ತವೆ. ಅರ್ಧದಷ್ಟೇ ಎಂದು ಬಿಡುವಂತಿಲ್ಲ. ಜುಲಾಬು ಹೆಚ್ಚಿರುವ ಊರಿನಲ್ಲಿ ಅರ್ಧ ತಡೆದರೂ ಆಸ್ಪತ್ರೆಯ ಹಾಸಿಗೆಯಿಂದ ಉಳಿಯುವ ಮಕ್ಕಳ ಸಂಖ್ಯೆ ದೊಡ್ಡದು. 2016ರಿಂದ ಹಂತಹಂತವಾಗಿ ರೋಟಾವೈರಸ್ ಲಸಿಕೆ ಸರ್ಕಾರದ ಲಸಿಕಾ ಪಟ್ಟಿಗೆ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 6, 10 ಮತ್ತು 14ನೇ ವಾರ ಮಗುವಿನ ಬಾಯಿಗೆ ಹಾಕುತ್ತಾರೆ, ಹಣ ಕೊಡಬೇಕಾಗಿಲ್ಲ. ಮೊದಲನೆಯದು ಹಾಕಿಸಿ ಉಳಿದೆರಡು ಬಿಟ್ಟವರು ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ ಆಶಾ ಕಾರ್ಯಕರ್ತೆಗೆ ತೋರಿಸಿ, ವಯಸ್ಸು ಮೀರುವ ಮೊದಲು.